ನಾನು ಕಾಪಾಡಿಕೊಂಡ ಭಾನುವಾರ

ನನ್ನ ಅಂಗಿಯ ಜೇಬಿನಲ್ಲಿ ಮಡಿಸಿದ ಒಂದು ಬಿಳಿ ಚೀಟಿ ಎರಡು ತಿಂಗಳು ಇತ್ತು. ಅಂಗಿ ಬದಲಿಸಿದಾಗಲೆಲ್ಲ ಅದನ್ನು ತೆಗೆದು ಒಗೆದ ಅಂಗಿಯ ಜೇಬಿಗೆ ಸೇರಿಸುತ್ತಿದ್ದೆ. ಒಂದು ದಿನ ಮರೆತೆ. ಹೆಂಡತಿ ಬಕೆಟ್ಟಿಗೆ ಹಾಕುವ ಮುಂಚೆ ಜೇಬು ತಡಕಿ, ಚೀಟಿ ಬಿಚ್ಚಿ, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಏನ್ರೀ ಇದು, ಒಂದಕ್ಷರ ಬರೆದಿಲ್ಲ. ಖಾಲಿ ಕಾಗದನ ಬಂಗಾರದಂಗೆ ಇಟ್ಕಂಡಿದ್ದೀರಲ್ಲ?"

ಕೊಡು ಎಂದು ಕಿತ್ತುಕೊಂಡೆ. ಅವಳು ನಗಲಿಲ್ಲ. ಅವಳಿಗೆ ಗೊತ್ತಿತ್ತು.

ನಮ್ಮದು ಚಳ್ಳಕೆರೆಯ ಒಂದು ಸಣ್ಣ ಸಭೆ. ತಗಡಿನ ಚಾವಣಿ, ಐವತ್ತು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಒಂದು ಮರದ ಶಿಲುಬೆ. ವರ್ಷದ ಕೊನೆಯ ಭಾನುವಾರ ಅಯ್ಯನವರು (ನಮ್ಮ ಪಾಸ್ಟರನ್ನು ನಾವು ಹಾಗೆ ಕರೆಯುವುದು) ಎಲ್ಲರಿಗೂ ಒಂದು ಚೀಟಿ, ಒಂದು ಲಕೋಟೆ ಹಂಚುತ್ತಾರೆ. ಬರುವ ವರ್ಷ ದೇವರ ಮುಂದೆ ಏನು ನಡೆಸಿಕೊಡುತ್ತೇವೆ ಎಂಬುದನ್ನು ಬರೆದು, ಲಕೋಟೆ ಅಂಟಿಸಿ, ಮೇಲೆ ಹೆಸರು ಹಾಕಿ ಕಾಣಿಕೆಯ ಚೀಲಕ್ಕೆ ಹಾಕಬೇಕು. ಅವರು ತೆರೆಯುವುದಿಲ್ಲ. ಮುಂದಿನ ಡಿಸೆಂಬರಿನಲ್ಲಿ ಅಂಟಿಸಿದ್ದು ಅಂಟಿಸಿದ ಹಾಗೇ ಹಿಂದಕ್ಕೆ ಕೊಡುತ್ತಾರೆ. ನಡೆಸಿಕೊಂಡವರು ಬೇಕಾದರೆ ಎದ್ದು ನಿಂತು ಸಾಕ್ಷಿ ಹೇಳಬಹುದು.

ನಾನು ಹನ್ನೊಂದು ವರ್ಷ ಎದ್ದು ನಿಂತವನು. ಒಂದು ವರ್ಷವೂ ಬಿಟ್ಟಿಲ್ಲ.

ಎಣ್ಣೆ ಗಿರಣಿಯಲ್ಲಿ ಗುಮಾಸ್ತನಾಗಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವನ ಕೈಬರಹ ಚೆನ್ನಾಗಿದೆ ಎಂದು ಕೊಟ್ಟ ಕೆಲಸ. ಗೆರೆ ಎಳೆದು ಬರೆಯುವುದು, ಮುಗಿದದ್ದರ ಮುಂದೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುವುದು ಆಗಿನಿಂದ ಬಂದ ಚಟ. ಚೀಟಿಯಲ್ಲಿ ಬರೆದದ್ದನ್ನೇ ಮನೆಯಲ್ಲಿ ಒಂದು ಪುಸ್ತಕದಲ್ಲೂ ಬರೆದುಕೊಳ್ಳುತ್ತಿದ್ದೆ. ಪವಿತ್ರ ಗ್ರಂಥವನ್ನು ವರ್ಷಕ್ಕೊಮ್ಮೆ ಮೊದಲಿನಿಂದ ಕೊನೆಯವರೆಗೆ ಓದಬೇಕು. ಶುಕ್ರವಾರ ಮಧ್ಯಾಹ್ನದವರೆಗೆ ಉಪವಾಸ. ಬೆಳಿಗ್ಗೆ ಐದಕ್ಕೆ ಪ್ರಾರ್ಥನೆ. ಭಾನುವಾರ ಆರಾಧನೆ ತಪ್ಪಿಸಬಾರದು, ಆ ದಿನ ಕೆಲಸ ಮುಟ್ಟಬಾರದು, ಊರು ಬಿಡಬಾರದು. ಹನ್ನೊಂದು ವರ್ಷದ ಆ ಪಟ್ಟಿಗಳನ್ನು ಈಗ ತೆಗೆದು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಯಾವುದರಲ್ಲೂ ಇನ್ನೊಬ್ಬ ಮನುಷ್ಯ ಇಲ್ಲ. ನಾನು, ದೇವರು, ಕೆಂಪು ಪೆನ್ಸಿಲು. ಯಾರಿಗೂ ಏನೂ ಕೊಡದೆ, ಯಾರ ಹತ್ತಿರವೂ ಹೋಗದೆ, ಕೋಣೆಯ ಬಾಗಿಲು ಹಾಕಿಕೊಂಡೇ ಮುಗಿಸಬಹುದಾದ ಗುರಿಗಳನ್ನೇ ಆರಿಸಿಕೊಂಡಿದ್ದೆ.

ನನಗೊಬ್ಬಳು ಅಕ್ಕ ಇದ್ದಾಳೆ. ಮೊಳಕಾಲ್ಮೂರಿನಲ್ಲಿ. ನಾವು ಹುಟ್ಟಿದ ಮನೆ ನೇಕಾರರದು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ; ಅಕ್ಕ ಕನ್ನಡದಲ್ಲೂ ನನ್ನನ್ನು ತೆಲುಗಿನ 'ರಾ' ಹಚ್ಚಿಯೇ ಮಾತಾಡಿಸುವುದು. ಅಪ್ಪ ತೀರಿಕೊಂಡಾಗ ಒಂದು ಮಗ್ಗಕ್ಕೆ ನಾವಿಬ್ಬರು ಉಳಿದೆವು. ಅಕ್ಕ ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಿರುಗಿ ಬಂದಿದ್ದಳು, ಮಕ್ಕಳಿರಲಿಲ್ಲ. ನಾನು ಗಿರಣಿಯ ಕೆಲಸ ಹಿಡಿದು ಚಳ್ಳಕೆರೆಗೆ ಬಂದೆ, ಮದುವೆಯಾದೆ, ಜೊತೆಯ ಕೆಲಸಗಾರನೊಬ್ಬನ ಹಿಂದೆ ಸಭೆಗೆ ಹೋಗಿ ಕ್ರಿಸ್ತನನ್ನು ನಂಬಿದೆ. ಅಕ್ಕ ತನ್ನ ದೇವರನ್ನೂ ಮಗ್ಗವನ್ನೂ ಇಟ್ಟುಕೊಂಡು ಅಲ್ಲೇ ಉಳಿದಳು. ಜಗಳವೇನೂ ಆಗಲಿಲ್ಲ. "ನಿಮ್ಮ ದೇವ್ರು ಮಗ್ಗಕ್ಕೆ ಬರಬೇಡ ಅಂತಾನೇನ್ರಾ?" ಎಂದು ಕೇಳಿದಳು. ಅನ್ನಲ್ಲ ಎಂದೆ. "ಸರಿ ಹಂಗಾದ್ರೆ."

ಅವಳು ಹಾಗೆ ಕೇಳಿದ್ದು ಏಕೆಂದರೆ, ಮಗ್ಗದ ಒಂದು ಕೆಲಸಕ್ಕೆ ಅವಳಿಗೆ ನಾನು ಬೇಕಾಗಿತ್ತು. ಮಗ್ಗದ ಮೇಲೆ ಉದ್ದಕ್ಕೆ ಕಟ್ಟಿರುವ ರೇಷ್ಮೆ ಎಳೆಗಳ ಹಾಸು ಮುಗಿಯುತ್ತ ಬಂದಾಗ ನೇಕಾರ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಒಂದು ಮೊಳದಷ್ಟು ಬಾಲವನ್ನು ಮಗ್ಗದಲ್ಲೇ ಬಿಡುತ್ತಾನೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಬಾಲದ ಒಂದೊಂದು ಎಳೆಗೆ ಬೆರಳಿನಿಂದ ಹೊಸೆದು ಕೂಡಿಸಬೇಕು. ಗಂಟು ಹಾಕುವ ಹಾಗಿಲ್ಲ. ಗಂಟಾದರೆ ಬಾಚಣಿಗೆಯಂಥ ಹಣಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೆರಳು ಜಾರದಂತೆ ಚೂರು ಬೂದಿ ಮುಟ್ಟಿಕೊಂಡು ಹೊಸೆಯುವುದು. ಇಂಥವು ಸಾವಿರಾರು ಎಳೆ. ಒಬ್ಬರು ಜೋಡಿ ಆರಿಸಿ ಕೊಡುತ್ತ, ಇನ್ನೊಬ್ಬರು ಹೊಸೆಯುತ್ತ ಕೂತರೆ ಒಂದೂವರೆ ದಿನದ ಕೆಲಸ. ಚಿಕ್ಕಂದಿನಿಂದ ಅವಳು ಆರಿಸುವವಳು, ನಾನು ಹೊಸೆಯುವವನು. ಚಳ್ಳಕೆರೆಗೆ ಬಂದ ಮೇಲೂ ಎರಡು ಮೂರು ತಿಂಗಳಿಗೊಮ್ಮೆ ರಜೆ ಹಾಕಿ ಹೋಗಿ ಕೂತು ಬರುತ್ತಿದ್ದೆ. ನಿವೃತ್ತನಾದ ಮೇಲಂತೂ ನೆಪವೇ ಇರಲಿಲ್ಲ.

ಮೂರು ವರ್ಷದ ಹಿಂದೆ, ಒಂದು ಶನಿವಾರ ಮಧ್ಯಾಹ್ನ ಅವಳ ಫೋನು ಬಂತು. ಕೂಲಿಗೆ ನೇಯಲು ಹಾಸು ಕೊಡುವ ಯಜಮಾನ ಯಾವಾಗಲೂ ಶನಿವಾರವೇ ಕೊಡುವುದು; ಬೇರೆ ಸಲ ಅವಸರವಿರುತ್ತಿರಲಿಲ್ಲ, ನಾನು ಸೋಮವಾರ ಹೋಗುತ್ತಿದ್ದೆ.

"ಮದ್ವೆ ಸೀರೆ ಹಾಸು ಬಂದೈತೆ. ಸೋಮವಾರ ಸಂಜೆಗೆ ಮಗ್ಗ ಆಡ್ತಿರಬೇಕಂತೆ, ಇಲ್ಲಾಂದ್ರೆ ಬೇರೆ ಮನೆಗೆ ಕೊಡ್ತಾನಂತೆ. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬಂದ್ಬಿಡು."

"ನಾಳೆ ಭಾನುವಾರ ಅಕ್ಕ."

"ಗೊತ್ತೈತೆ. ಅದಕ್ಕೇ ಇವತ್ತೇ ಹೇಳ್ತಿರೋದು."

"ಭಾನುವಾರ ನಾನು ಬರಲ್ಲ. ಸೋಮವಾರ ಬರ್ತೀನಿ."

"ಸೋಮವಾರ ಬಂದು ಏನ್ ಮಾಡ್ತೀಯಾ, ಮಗ್ಗಕ್ಕೆ ಕೈ ಮುಗಿಯಾಕಾ? ಪಕ್ಕದ ಮನೆಯೋರು ಊರಾಗಿಲ್ಲ. ನನಗೆ ಎಳೆ ಕಾಣಲ್ದು ಕಣ್ರಾ, ಎರಡು ಒಂದಾಗಿ ಕಾಣ್ತಾವೆ."

ಅವಳು ಕಣ್ಣಿನ ಮಾತು ಎತ್ತಿದ್ದು ಅದೇ ಮೊದಲು. ನನಗೆ ಆ ಕ್ಷಣದಲ್ಲಿ ಏನು ಅನ್ನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಕನಿಕರ ಅನ್ನಿಸಲಿಲ್ಲ. ಹುರುಪು ಬಂತು. ಇದು ನನ್ನ ಪರೀಕ್ಷೆ, ಬರೆದದ್ದನ್ನು ನಡೆಸಿ ತೋರಿಸುವ ಗಳಿಗೆ ಇದೇ ಎಂದುಕೊಂಡೆ.

"ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಿ ಅಕ್ಕ," ಎಂದೆ.

ಅವಳು ಫೋನು ಇಡಲಿಲ್ಲ. ಅಲ್ಲಿನ ಬೀದಿಯ ಸದ್ದು ಕೇಳಿಸುತ್ತಿತ್ತು, ಯಾವುದೋ ಮನೆಯ ಮಗ್ಗ ಟಕ ಟಕ ಬಡಿಯುತ್ತಿತ್ತು. ನಾನೇ ಇಟ್ಟೆ.

ಮರುದಿನ ಆರಾಧನೆಯಲ್ಲಿ ಮೊದಲ ಸಾಲಿನಲ್ಲಿ ಕೂತು ಅವಳಿಗಾಗಿ ಪ್ರಾರ್ಥಿಸಿದೆ. ಮಧ್ಯಾಹ್ನ ಊಟ ಮಾಡಿ ಮಲಗಿದೆ. ಸೋಮವಾರ ಹೋಗಲಿಲ್ಲ. ಹೋಗಿ ಏನು ಮಾಡುವುದು, ಅವಳೇ ಬೇಡ ಎಂದಳಲ್ಲ ಎಂದುಕೊಂಡೆ.

ಇದಕ್ಕಿಂತ ಕೆಟ್ಟದ್ದು ಡಿಸೆಂಬರಿನಲ್ಲಿ ಮಾಡಿದೆ. ಲಕೋಟೆ ಕೈಗೆ ಬಂದಾಗ ಎದ್ದು ನಿಂತು ಇದನ್ನೇ ಸಾಕ್ಷಿಯಾಗಿ ಹೇಳಿದೆ. ನನ್ನ ಒಡಹುಟ್ಟಿದವಳೇ ಕರ್ತನ ದಿನದಲ್ಲಿ ಕೆಲಸಕ್ಕೆ ಕರೆದಳು, ಕರುಳು ಎಳೆಯಿತು, ಆದರೂ ನಾನು ಕದಲಲಿಲ್ಲ ಎಂದೆ. ಕರುಳು ಎಳೆದಿರಲಿಲ್ಲ; ಅದು ಚೆಂದಕ್ಕೆ ಸೇರಿಸಿದ ಮಾತು. ಹಿಂದಿನ ಸಾಲುಗಳಿಂದ ಆಮೆನ್ ಎಂದರು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡರು. ಅಯ್ಯನವರು ಮಾತ್ರ ನೇರವಾಗಿ ಮುಂದಿನ ಹಾಡಿಗೆ ಹೋದರು. ಆಮೇಲೆ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಹತ್ತಿರ ಬಂದು, "ಅಕ್ಕ ಹೆಂಗಿದ್ದಾರ್ರೀ ಈಗ?" ಎಂದು ಕೇಳಿದರು.

"ಚೆನ್ನಾಗವ್ಳೆ ಅಯ್ಯನವರೇ."

ಗೊತ್ತಿರಲಿಲ್ಲ. ಆ ಫೋನಿನ ನಂತರ ಅವಳು ನನಗೆ ಮಾಡಿರಲಿಲ್ಲ, ನಾನು ಅವಳಿಗೆ ಮಾಡಿರಲಿಲ್ಲ. ಮುಂದಿನ ವರ್ಷವೂ ಅಯ್ಯನವರು ಅದನ್ನೇ ಕೇಳಿದರು, ನಾನು ಅದನ್ನೇ ಹೇಳಿದೆ.

ಕಳೆದ ಡಿಸೆಂಬರಿನಲ್ಲಿ ಹೆಂಡತಿ ತನ್ನ ಕಡೆಯವರ ಮದುವೆಗೆ ಸೀರೆ ತರಲು ಮೊಳಕಾಲ್ಮೂರಿಗೆ ಹೋದಳು. ತಿರುಗಿ ಬಂದವಳು ಚೀಲ ಇಟ್ಟು, ನೀರು ಕುಡಿದು, ನನ್ನ ಎದುರು ಕೂತಳು.

"ನಿಮ್ಮಕ್ಕನ ಮಗ್ಗದ ಮೇಲೆ ಹಳೇ ದುಪ್ಪಟಿ ಹೊದಿಸೈತೆ."

"ಯಾಕೆ?"

"ಯಾಕಂತೆ! ನಿಮಗೆ ಗೊತ್ತಿಲ್ವಾ?" ಎಂದು ನಡೆದದ್ದನ್ನು ಹೇಳಿದಳು. ಆ ಭಾನುವಾರ ಅಕ್ಕ ಒಬ್ಬಳೇ ಕೂತು ಕೂಡಿಸಿದ್ದಾಳೆ. ಕಣ್ಣು ಕಾಣದೆ ಒಂದರ ಜೋಡಿ ಇನ್ನೊಂದಕ್ಕೆ ಹೋಗಿದೆ. ಮಗ್ಗ ಆಡಿಸುತ್ತಲೇ ಎಳೆಗಳು ಒಂದರ ಮೇಲೊಂದು ಹೊರಳಿ ಹಣಿಗೆಯ ಹತ್ತಿರ ಹರಿಯತೊಡಗಿವೆ. ಯಜಮಾನ ಬಂದು ನೋಡಿ, ಹಾಸನ್ನು ಕತ್ತರಿಸಿ ಸುತ್ತಿಕೊಂಡು ಹೋದನಂತೆ. ಆಮೇಲೆ ಯಾರೂ ಅವಳಿಗೆ ಹಾಸು ಕೊಟ್ಟಿಲ್ಲ. ಈಗ ಬೇರೆಯವರ ಮನೆಗೆ ಹೋಗಿ ರಾಟೆಯಲ್ಲಿ ನೂಲು ಸುತ್ತಿ ಕೊಡುತ್ತಾಳೆ. ಅದಕ್ಕೆ ಕಣ್ಣು ಅಷ್ಟು ಬೇಡ.

"ನಿಮ್ಮ ಭಾನುವಾರ ಉಳೀತು ಬಿಡ್ರಿ," ಎಂದು ಹೆಂಡತಿ ಎದ್ದು ಒಳಗೆ ಹೋದಳು. ಅವಳೂ ಸಭೆಗೆ ಬರುವವಳೇ. ನನಗಿಂತ ಮುಂಚೆ ನಂಬಿದ ಮನೆಯವಳು. ಚೀಟಿಯಲ್ಲಿ ಏನು ಬರೆಯುತ್ತಾಳೋ ಒಮ್ಮೆಯೂ ಹೇಳಿಲ್ಲ, ಎದ್ದು ನಿಂತಿಲ್ಲ.

ಅದೇ ತಿಂಗಳ ಕೊನೆಗೆ ಚೀಟಿ ಕೈಗೆ ಬಂತು. ಮೊದಲ ಬಾರಿಗೆ ನಾನು ಬರೆಯಲಿಲ್ಲ. ಖಾಲಿ ಲಕೋಟೆಯನ್ನು ಚೀಲಕ್ಕೆ ಹಾಕಿ ಚೀಟಿಯನ್ನು ಜೇಬಿಗೆ ಇಳಿಸಿದೆ. ಅದೂ ಒಂದು ಮೋಸವೇ.

ಅಲ್ಲಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಐದಕ್ಕೆ ಎದ್ದು ಮೊಣಕಾಲೂರಿ, ಪ್ರಾರ್ಥನೆ ಅರ್ಧಕ್ಕೇ ಬಿಟ್ಟು ಎದ್ದು ಅಂಗಳದಲ್ಲಿ ತಿರುಗುತ್ತಿದ್ದೆ. ತಿಂಡಿಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಬಸ್ ಸ್ಟ್ಯಾಂಡಿನವರೆಗೆ ನಡೆದು ಮೊಳಕಾಲ್ಮೂರಿನ ಕಡೆ ಹೋಗುವ ಬಳ್ಳಾರಿ ಬಸ್ಸುಗಳ ಬೋರ್ಡು ನೋಡಿ ಬರುತ್ತಿದ್ದೆ. ಓದಲು ಕೂತರೆ ಒಂದೇ ಪುಟ. ಕೆಲಸ ಮುಟ್ಟಬಾರದ ಸಬ್ಬತ್ತಿನ ದಿನ ಕೈ ಬತ್ತಿದವನೊಬ್ಬನನ್ನು ಯೇಸುಸ್ವಾಮಿ ನಡುವೆ ನಿಲ್ಲಿಸಿ ವಾಸಿ ಮಾಡಿದ ಸಂಗತಿ. ಹನ್ನೊಂದು ಸಲ ಓದಿ ಹನ್ನೊಂದು ಸಲ ಗುರುತು ಹಾಕಿದ ಪುಟ. ಆ ದಿನ ಸುಮ್ಮನೆ ನೋಡುತ್ತ ಕೂತಿದ್ದ ಭಕ್ತರ ಮೇಲೆ ಸ್ವಾಮಿ ಸಿಟ್ಟಾದರು ಎಂದೂ ಅಲ್ಲೇ ಇದೆ. ಆ ಸಾಲನ್ನು ನಾನು ಯಾವಾಗಲೂ ಬೇರೆಯವರ ಬಗ್ಗೆ ಎಂದು ಓದಿದ್ದೆ.

ಜನವರಿಯಲ್ಲಿ ಒಂದು ಬುಧವಾರ ಬಸ್ಸು ಹತ್ತಿಯೇಬಿಟ್ಟೆ. ಬಳ್ಳಾರಿ ಬಸ್ಸು, ಹಾನಗಲ್ ಕ್ರಾಸಿನಲ್ಲಿ ಇಳಿದರೆ ಅಲ್ಲಿಂದ ಮೊಳಕಾಲ್ಮೂರು ಹತ್ತಿರ. ತಳಕು ದಾಟುವವರೆಗೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ತಿದ್ದಿ ತಿದ್ದಿ ಹೇಳಿಕೊಂಡೆ. ಕ್ರಾಸು ಬಂತು. ಕಂಡಕ್ಟರು, "ಯಾರ್ರೀ ಹಾನಗಲ್, ಎದ್ದೇಳ್ರಿ," ಎಂದ. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಬಸ್ಸು ಹೊರಟ ಮೇಲೆ ಅವನು ಬಂದು, "ಯಜಮಾನ್ರೇ, ನಿಮ್ದು ಹಾನಗಲ್ ಅಲ್ವೇನ್ರಿ? ನಿದ್ದೆ ಹತ್ತಿತ್ತಾ?" ಎಂದ. ಹೌದು ಎಂದು ರಾಂಪುರಕ್ಕೆ ಟಿಕೆಟ್ ಹರಿಸಿಕೊಂಡೆ. ರಾಂಪುರದಲ್ಲಿ ಇಳಿದು ಒಂದು ಟೀ ಕುಡಿದೆ. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಇನ್ನೊಂದು ಟೀ ಕುಡಿದು, ತಿರುಗಿ ಬರುವ ಬಸ್ಸಿಗೆ ಕೂತು ಅದೇ ಕ್ರಾಸನ್ನು ಇನ್ನೊಮ್ಮೆ ದಾಟಿದೆ.

"ಸಿಕ್ಕಿದ್ರಾ?" ಎಂದಳು ಹೆಂಡತಿ.

"ಮನೇಲಿರ್ಲಿಲ್ಲ."

"ಹೌದಾ. ಎಪ್ಪತ್ತು ದಾಟಿದ ಮೇಲೂ ಸುಳ್ಳು ಹೇಳಾಕೆ ಬರಲ್ಲ ನಿಮಗೆ."

ಎರಡು ವಾರ ಕಳೆದು ಮತ್ತೆ ಹೋದೆ. ಈ ಸಲ ನೇರವಾಗಿ ಊರೊಳಕ್ಕೆ ಹೋಗುವ ಬಸ್ಸನ್ನೇ ಹಿಡಿದೆ, ತಪ್ಪಿಸಿಕೊಳ್ಳಲು ಕ್ರಾಸು ಇರಬಾರದೆಂದು. ಅಕ್ಕ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದಳು. ಹೊಸ್ತಿಲ ಮೇಲೆ ನಿಂತು, ಕಣ್ಣು ಕಿರಿದು ಮಾಡಿ ನನ್ನನ್ನು ಗುರುತು ಹಿಡಿದಳು. ಒಳಗೆ ಬಾ ಅನ್ನಲಿಲ್ಲ.

"ಇವತ್ತು ಭಾನುವಾರ ಅಲ್ವಲ್ಲ?"

"ಅಲ್ಲ ಅಕ್ಕ. ಗುರುವಾರ."

"ಮತ್ತೆ? ನಿಮ್ಮ ದೇವ್ರು ಗುರುವಾರ ರಜಾ ಕೊಟ್ಟನಾ?"

ಬಸ್ಸಿನಲ್ಲಿ ತಿದ್ದಿಕೊಂಡ ಮಾತೆಲ್ಲ ಹೋಗಿತ್ತು. ನಿಂತಲ್ಲೇ ಹೇಳಿದೆ. ಆವತ್ತು ನಾನು ಬರದೆ ಇದ್ದದ್ದು ದೇವರಿಗಾಗಿ ಅಲ್ಲ, ಎದ್ದು ನಿಂತು ಹೇಳಿಕೊಳ್ಳುವುದಕ್ಕಾಗಿ. ಹೇಳಿಯೂ ಬಿಟ್ಟೆ, ಐವತ್ತು ಜನರ ಮುಂದೆ, ನಿನ್ನನ್ನು ಪಾಪಕ್ಕೆ ಎಳೆಯುವವಳ ಹಾಗೆ ತೋರಿಸಿ. ಮಗ್ಗದ ಸುದ್ದಿ ತಿಳಿದ ಮೇಲೂ ಒಂದು ಸಲ ರಾಂಪುರದವರೆಗೆ ಹೋಗಿ ತಿರುಗಿದೆ. ಕ್ಷಮಿಸು ಎಂದೆ.

"ಕ್ಷಮಿಸು ಅಂದ್ರೆ ಏನ್ ಮಾಡ್ಬೇಕ್ರಾ ನಾನು? ತಲೆ ಮೇಲೆ ಕೈ ಇಡಬೇಕಾ?" ಎಂದಳು. ಬಾಗಿಲ ಚೌಕಟ್ಟಿಗೆ ಒರಗಿ, "ರಾಂಪುರಕ್ಯಾಕೆ ಹೋದೆ?"

"ಇಳಿಯಾಕೆ ಧೈರ್ಯ ಬರಲಿಲ್ಲ."

"ಅಯ್ಯೋ ನಿನ್ನ! ಚಿಕ್ಕೋನಿದ್ದಾಗ ಲಾಳಿ ಮುರಿದು ಬಚ್ಚಲಾಗೆ ಕೂತಿದ್ದಿ, ಹಂಗೇ ಇದ್ದೀಯ ಇನ್ನೂ." ನಗುವಿನಂಥದ್ದು ಬಂದು ಹೋಯಿತು. ಅಷ್ಟೇ. ಒಳಗೆ ಹೋದಳು, ಬಾಗಿಲು ಮಾತ್ರ ತೆರೆದೇ ಬಿಟ್ಟಳು.

ನಾನು ಹಿಂದೆ ಹೋದೆ. ಅವಳು ಮಗ್ಗದ ಮೇಲಿನ ದುಪ್ಪಟಿಯನ್ನು ಒಂದು ಮೂಲೆಯಿಂದ ಎತ್ತಿದಳು. ಬಾಲ ಹಾಗೇ ಇತ್ತು. ಹಳೆಯ ಹಾಸಿನ ಒಂದು ಮೊಳ, ಹಣಿಗೆಯೊಳಗೆ ಎಳೆ ಎಳೆಯಾಗಿ ನಿಂತದ್ದು, ಬಣ್ಣ ಮಾಸಿದ್ದು. ಮೂರು ವರ್ಷ ಅವಳು ಅದನ್ನು ತೆಗೆದಿರಲಿಲ್ಲ. ಅದನ್ನು ಕಿತ್ತರೆ ಮಗ್ಗವನ್ನು ಬಿಚ್ಚಿದ ಹಾಗೆ. ಅದು ಇದ್ದರೆ, ಒಂದು ಹಾಸು ಬಂದರೆ ಸಾಕು, ಮಗ್ಗ ಮತ್ತೆ ಆಡುತ್ತದೆ.

"ಯಜಮಾನನ್ನ ಕೇಳಿದ್ದೆ. ಎರಡನೇ ಕೈ ಇದ್ರೆ ಕೊಡ್ತೀನಿ ಅಂದ. ಎರಡನೇ ಕೈ ಎಲ್ಲಿಂದ ತರ್ಲಿ?" ಎಂದು ದುಪ್ಪಟಿ ಇಳಿಬಿಟ್ಟಳು.

"ನಾನು ಬರ್ತೀನಿ."

"ಮಾತು ಬೇಡ. ಹಾಸು ಕೇಳ್ತೀನಿ. ಕೊಟ್ರೆ ಫೋನ್ ಮಾಡ್ತೀನಿ. ಆಗ ನೋಡಾನ."

ನೀರು ಕೊಡಲಿಲ್ಲ. ನಾನೂ ಕೇಳಲಿಲ್ಲ.

ಫೋನು ಬರುವವರೆಗಿನ ದಿನಗಳನ್ನು ಹೇಗೆ ಕಳೆದೆನೋ. ಕೀಪ್ಯಾಡ್ ಫೋನನ್ನು ಬಚ್ಚಲಿಗೂ ಒಯ್ಯುತ್ತಿದ್ದೆ. ಹೊಸೆಯುವುದು ಮರೆತಿದೆಯೇನೋ ಎಂದು ಹೆಂಡತಿಯ ಸೂಜಿಯ ದಾರ ಕತ್ತರಿಸಿ ಕೂಡಿಸಿ ನೋಡಿದೆ, ಬಿಟ್ಟುಕೊಂಡಿತು. ಇನ್ನೊಂದು, ಅದೂ ಬಿಟ್ಟುಕೊಂಡಿತು.

ಕರೆ ಬಂದದ್ದು ಫೆಬ್ರವರಿ ಕೊನೆಯ ಶನಿವಾರ, ಮಧ್ಯಾಹ್ನ.

"ಹಾಸು ಬಂದೈತೆ. ಸೋಮವಾರ ಸಂಜೆಗೆ ಮಗ್ಗ ಆಡ್ಬೇಕು." ಆಮೇಲೆ ನಿಧಾನವಾಗಿ, ಒಂದೊಂದೇ ಮಾತು ಇಟ್ಟ ಹಾಗೆ: "ನಾಳೆ ಭಾನುವಾರ."

"ಮೊದಲ್ನೇ ಬಸ್ಸಿಗೆ ಬರ್ತೀನಿ," ಎಂದೆ.

ಬಾಯಿ ಹೇಳಿತು, ಮೈ ಒಪ್ಪಲಿಲ್ಲ. ಹನ್ನೊಂದು ವರ್ಷ ಒಂದು ಭಾನುವಾರವೂ ತಪ್ಪಿಸದವನು. ಇದೂ ನನ್ನ ಸುಖಕ್ಕೆ ದೇವರ ದಿನವನ್ನು ಮುರಿಯುವ ನೆಪವಲ್ಲ ತಾನೇ ಎಂಬ ಸಂಶಯ ಬೇರೆ. ಸಂಜೆ ಅಯ್ಯನವರ ಮನೆಗೆ ಹೋದೆ. ಅವರು ಹೊರಗೆ ಸ್ಕೂಟರ್ ಒರೆಸುತ್ತಿದ್ದರು. ಎಲ್ಲ ಹೇಳಿದೆ, ಚೆನ್ನಾಗವ್ಳೆ ಎಂದು ಎರಡು ವರ್ಷ ಸುಳ್ಳು ಹೇಳಿದ್ದನ್ನೂ ಹೇಳಿದೆ. ನಾಳೆ ಆರಾಧನೆಗೆ ಬರುವುದಿಲ್ಲ ಎಂದೆ.

ಅವರು ಬಟ್ಟೆ ಹಿಂಡಿ ಹ್ಯಾಂಡಲಿಗೆ ಹಾಕಿದರು. "ನೀವು ಒಂದು ಭಾನುವಾರ ತಪ್ಪಿಸ್ಲಿ ಅಂತ ನಾನು ಕಾಯ್ತಿದ್ದೆ ಕಣ್ರೀ."

"ಮತ್ತೆ ಯಾಕೆ ಹೇಳ್ಲಿಲ್ಲ ನೀವು?"

"ಅದು ನನ್ನ ತಪ್ಪು. ನಿಮ್ಮ ಸಾಕ್ಷಿಗೆ ಜನ ಆಮೆನ್ ಅಂದ್ರು. ಅವರ ಮುಂದೆ ತಿದ್ದಾಕೆ ನನಗೂ ಧೈರ್ಯ ಇರ್ಲಿಲ್ಲ. ಹೋಗ್ಬನ್ನಿ."

"ಚೀಟಿ ಇನ್ನೂ ಬರೆದಿಲ್ಲ ಅಯ್ಯನವರೇ."

"ಬರೀಬೇಡಿ. ಹೋಗ್ಬನ್ನಿ."

ಭಾನುವಾರ ಬೆಳಿಗ್ಗೆ ಹೆಂಡತಿ ನನಗಿಂತ ಮುಂಚೆ ಎದ್ದು ರೊಟ್ಟಿ ಕಟ್ಟಿಕೊಟ್ಟಳು, ಇಬ್ಬರಿಗಾಗುವಷ್ಟು. ಬಸ್ಸಿನಲ್ಲಿ ಕ್ಷಣಕ್ಕೊಮ್ಮೆ ಫೋನು ತೆಗೆದು ಗಂಟೆ ನೋಡುತ್ತಿದ್ದೆ. ಪಕ್ಕದವನು ಎರಡು ಸಲ ನೋಡಿದ. ಒಂಬತ್ತೂವರೆಗೆ ಸಭೆಯಲ್ಲಿ ಮೊದಲ ಹಾಡು ಶುರುವಾಗುತ್ತದೆ. ನನ್ನ ಕುರ್ಚಿ ಖಾಲಿ ಇರುತ್ತದೆ, ಜನ ಕಾಯಿಲೆ ಎಂದುಕೊಳ್ಳುತ್ತಾರೆ. ಯಾರಿಗೂ ಹೇಳಿಕೊಳ್ಳಲಾಗದ ಒಂದು ಕೆಲಸಕ್ಕೆ ಹೊರಟಿದ್ದು ನನಗೆ ಹೊಸದು. ಅದು ಹಗುರವಾಗೇನೂ ಇರಲಿಲ್ಲ.

ಅಕ್ಕ ಆಗಲೇ ಹಾಸನ್ನು ಎಳೆದು ಕಟ್ಟಿ, ಕಾಲು ಇಳಿಬಿಡುವ ಮಗ್ಗದ ಗುಂಡಿಯ ಆಚೆ ಕೂತಿದ್ದಳು. ಹೊಸ ಕನ್ನಡಕ ಹಾಕಿದ್ದಳು. ಎದುರು ನನಗೆ ಒಂದು ಮಣೆ.

"ಬೂದಿ ಹಾಕ್ಕೊಳ್ಳಾಕೆ ಒಂದು ಕಾಗದ ಐತೇನ್ರಾ? ಬಟ್ಟಲು ಒಡೆದೋಯ್ತು."

ಜೇಬಿನಿಂದ ಚೀಟಿ ತೆಗೆದು ಕೊಟ್ಟೆ. ಒಲೆಯ ಬೂದಿಯನ್ನು ಜರಡಿ ಹಿಡಿದು ಅದರ ಮೇಲೆ ಸುರಿದು ನಮ್ಮಿಬ್ಬರ ನಡುವೆ ಇಟ್ಟಳು.

ಮೊದಲ ಎಳೆಗಳನ್ನು ಅವಳು ಆರಿಸಿ ಕೊಟ್ಟಳು. ನಾನು ಹೊಸೆದೆ. ಅವಳು ಎರಡು ಬೆರಳಿನಲ್ಲಿ ಹಿಡಿದು ಎಳೆದಳು. ಬಿಟ್ಟುಕೊಂಡಿತು. "ಮತ್ತೆ," ಎಂದಳು. ಮತ್ತೆ ಹೊಸೆದೆ, ಮತ್ತೆ ಎಳೆದಳು, ಮತ್ತೆ ಬಿಟ್ಟುಕೊಂಡಿತು. ಹಿಂದೆಲ್ಲ ಅವಳು ನನ್ನ ಹೊಸೆತವನ್ನು ಎಳೆದು ನೋಡಿದವಳೇ ಅಲ್ಲ. ಆರಿಸುತ್ತ ಮುಂದೆ ಹೋಗುತ್ತಿದ್ದಳು. ಈಗ ಒಂದೊಂದನ್ನೂ ಎಳೆಯುತ್ತಿದ್ದಳು. ಬೆವರಿಗೆ ಬೆರಳು ಜಾರುತ್ತಿತ್ತು.

"ಬೂದಿ ಮುಟ್ಟಿಕೋ. ಮರೆತೀಯಾ?"

ಮುಟ್ಟಿಕೊಂಡೆ. ಹತ್ತರಲ್ಲಿ ನಾಲ್ಕು ನಿಂತವು, ಆಮೇಲೆ ಆರು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ಅವಳು ಒಂದು ಚೊಂಬು ನೀರು ತಂದು ನನ್ನ ಪಕ್ಕಕ್ಕೆ ಇಟ್ಟಳು. ಆವತ್ತಿನ ತಪ್ಪಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಎತ್ತಿದ್ದರೆ ನಾನು ಮತ್ತೆ ಕ್ಷಮಿಸು ಎಂದು ಕೇಳುತ್ತಿದ್ದೆ, ಅವಳು ಮತ್ತೆ ಏನು ಮಾಡ್ಬೇಕ್ರಾ ಎನ್ನುತ್ತಿದ್ದಳು. ಬಲಗಡೆ ಇನ್ನೂ ಮುಕ್ಕಾಲು ಪಾಲು ಎಳೆಗಳು ಉಳಿದಿದ್ದವು. ಸೋಮವಾರ ಸಂಜೆಗೆ ಮುಗಿಯುತ್ತದೆಯೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ.

ಊಟವಾಗಿ ಕೂತ ಮೇಲೆ ಒಂದು ಎಳೆಯನ್ನು ಹೊಸೆದು ಕೈ ತೆಗೆದೆ. ಅವಳ ಬೆರಳಿಗಾಗಿ ಕಾದೆ. ಅವಳು ಎಳೆದು ನೋಡಲಿಲ್ಲ.

"ಮುಂದಿಂದು ಹಿಡಿ," ಎಂದಳು.